ಅಮೆರಿಕದ ಸಣ್ಣ ಗೂಡ್ಸ್ ರೈಲು ಕಂಪನಿಗಳಿಗೆ ಸರ್ಕಾರದ ಹಣ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಸಣ್ಣ ಊರಿನಲ್ಲಿ ನಾನು ಬಹಳ ವರ್ಷಗಳಿಂದ ಇದ್ದೇನೆ. ಊರಂಚಿನ ಧಾನ್ಯದ ಗೋದಾಮಿಗೆ ಒಂದು ಗೂಡ್ಸ್ ರೈಲು ನಡಿಗೆಗಿಂತ ಸ್ವಲ್ಪವೇ ಹೆಚ್ಚಿನ ವೇಗದಲ್ಲಿ ಬಂದು ಹೋಗುತ್ತದೆ. ನೆಂಟರು ಬಂದಾಗಲೆಲ್ಲ ಅದನ್ನು ನೋಡಿ ಪ್ರಶ್ನೆ ಕೇಳುತ್ತಾರೆ. ಊರಿನಿಂದ ಬರುವ ಪತ್ರಗಳಲ್ಲೂ, ಇಲ್ಲಿನ ಕನ್ನಡ ಕೂಟದ ಮಾತುಕತೆಗಳಲ್ಲೂ ಅವೇ ಪ್ರಶ್ನೆಗಳು ಮರಳಿ ಬರುತ್ತವೆ. ಅವನ್ನು ಕೇಳಿದವರ ಮಾತಿನಲ್ಲಿಯೇ ಇಟ್ಟು, ಸುಲಭವಾದವುಗಳಿಂದ ಆರಂಭಿಸಿ ಉತ್ತರಿಸಿದ್ದೇನೆ.

## ತಿಳಿದಿರಬೇಕಾದ ಮೊದಲ ಸಂಗತಿಗಳು

ಶಾರ್ಟ್ ಲೈನ್ ಅಂದರೇನು? ಅಲ್ಲಿ ರೈಲ್ವೆ ಸರ್ಕಾರದ್ದಲ್ಲವೇ?

ಅಲ್ಲ. ಅಮೆರಿಕದಲ್ಲಿ ಗೂಡ್ಸ್ ಸಾಗಣೆ ಬಹುಪಾಲು ಖಾಸಗಿ ಕಂಪನಿಗಳ ಕೈಯಲ್ಲಿದೆ. ಎಂಜಿನ್ ಮಾತ್ರವಲ್ಲ, ಹಳಿ, ಸೇತುವೆ, ಹಳಿಯ ಕೆಳಗಿನ ನೆಲ ಎಲ್ಲವೂ ಸಾಮಾನ್ಯವಾಗಿ ಕಂಪನಿಯದೇ ಆಗಿರುತ್ತವೆ. ಆ ನೆಲಕ್ಕೆ ಕಂಪನಿ ಆಸ್ತಿ ತೆರಿಗೆಯನ್ನೂ ಕಟ್ಟುತ್ತದೆ. ಭೂಸಾರಿಗೆ ಮಂಡಳಿ ಎಂಬ ಒಕ್ಕೂಟ ಸರ್ಕಾರದ ಸಂಸ್ಥೆಯು ಈ ಕಂಪನಿಗಳನ್ನು ವಾರ್ಷಿಕ ವರಮಾನದ ಲೆಕ್ಕದಲ್ಲಿ ಮೂರು ದರ್ಜೆಗಳಾಗಿ ವಿಂಗಡಿಸುತ್ತದೆ. ಮೊದಲ ದರ್ಜೆಯಲ್ಲಿ ಬಿಎನ್‌ಎಸ್‌ಎಫ್, ಯೂನಿಯನ್ ಪೆಸಿಫಿಕ್, ಸಿಎಸ್‌ಎಕ್ಸ್, ನಾರ್ಫೋಕ್ ಸದರ್ನ್ ಹಾಗೂ ಕೆನಡಾ ಮೂಲದ ಎರಡು ದೈತ್ಯ ಕಂಪನಿಗಳಿವೆ. ಉಳಿದ ಎರಡು ದರ್ಜೆಗಳಿಗೆ ಸೇರಿದ ಸುಮಾರು 600 ಕಂಪನಿಗಳನ್ನು ಆಡುಮಾತಿನಲ್ಲಿ ಶಾರ್ಟ್ ಲೈನ್ ಎನ್ನುತ್ತಾರೆ. ಒಂದೊಂದರ ಉದ್ದ ಹತ್ತು ಮೈಲಿಯೂ ಇರಬಹುದು, ಕೆಲವು ನೂರು ಮೈಲಿಯೂ ಇರಬಹುದು. ಎಲ್ಲ ಸೇರಿದರೆ 50,000 ಮೈಲಿಗೆ ಸಮೀಪವಾಗುತ್ತದೆ, ಅಂದರೆ ಇಡೀ ಭಾರತೀಯ ರೈಲ್ವೆಯ ಮಾರ್ಗದ ಉದ್ದಕ್ಕಿಂತ ಹೆಚ್ಚು. ಗೋದಾಮು, ಗಣಿ, ಕಾಗದದ ಗಿರಣಿ, ಗೊಬ್ಬರದ ಉಗ್ರಾಣಗಳಿಂದ ವ್ಯಾಗನ್‌ಗಳನ್ನು ಒಟ್ಟುಗೂಡಿಸಿ ದೊಡ್ಡ ಕಂಪನಿಯ ಯಾರ್ಡಿಗೆ ತಲುಪಿಸುವುದು, ಅಲ್ಲಿಂದ ಬಂದದ್ದನ್ನು ಹಂಚುವುದು ಇವುಗಳ ಕೆಲಸ.

ಇಷ್ಟೊಂದು ಸಣ್ಣ ಕಂಪನಿಗಳು ಎಲ್ಲಿಂದ ಹುಟ್ಟಿಕೊಂಡವು?

ಬಹುಪಾಲು ದೊಡ್ಡ ಕಂಪನಿಗಳ ಅವನತಿಯಿಂದ. ಪೆನ್ ಸೆಂಟ್ರಲ್ 1970ರ ಜೂನ್‌ನಲ್ಲಿ ದಿವಾಳಿಯಾಯಿತು. ಮಿಲ್ವಾಕಿ ರೋಡ್ 1977ರಲ್ಲಿ ಅದೇ ದಾರಿ ಹಿಡಿಯಿತು. ರಾಕ್ ಐಲೆಂಡ್ ಕಂಪನಿ 1980ರ ಮಾರ್ಚ್ ಕೊನೆಗೆ ಓಡಾಟವನ್ನೇ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಸ್ಟ್ಯಾಗರ್ಸ್ ಕಾಯ್ದೆಯು ದರ ನಿಗದಿಯ ಮೇಲಿದ್ದ ಸರ್ಕಾರದ ಹಿಡಿತವನ್ನು ಸಡಿಲಿಸಿತು. ಲಾಭವಿಲ್ಲದ ಕವಲು ಮಾರ್ಗಗಳನ್ನು ಕಳಚಿಕೊಳ್ಳುವುದೂ ಆಮೇಲೆ ಸುಲಭವಾಯಿತು. ದೊಡ್ಡ ಕಂಪನಿಗಳು ಅವನ್ನು ಮಾರಿದವು ಅಥವಾ ಗುತ್ತಿಗೆಗೆ ಕೊಟ್ಟವು. ಕೊಂಡವರಲ್ಲಿ ಸ್ಥಳೀಯ ವ್ಯಾಪಾರಿಗಳಿದ್ದರು, ಹಳೆಯ ರೈಲು ನೌಕರರಿದ್ದರು, ಕೆಲವೆಡೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಆಡಳಿತವೇ ಇತ್ತು. ಕಡಿಮೆ ಸಿಬ್ಬಂದಿ, ಗಿರಾಕಿಯ ಫೋನ್ ಬಂದರೆ ಭಾನುವಾರವೂ ವ್ಯಾಗನ್ ತರುವ ಸಿದ್ಧತೆ, ಇವುಗಳಿಂದಾಗಿ ದೊಡ್ಡವರಿಗೆ ನಷ್ಟವಾಗಿದ್ದ ಮಾರ್ಗ ಸಣ್ಣವರಿಗೆ ಅನ್ನ ಕೊಟ್ಟಿತು. ಆದರೆ ಮಾರುವವರು ಮಾರುವ ಮೊದಲು ವರ್ಷಗಟ್ಟಲೆ ದುರಸ್ತಿಯನ್ನೇ ಮಾಡಿರಲಿಲ್ಲ. ಕೊಂಡವರಿಗೆ ಮಾರ್ಗದ ಜೊತೆಗೆ ಆ ಬಾಕಿಯೂ ಬಂತು. ಈ ಪುಟದ ಮಿಕ್ಕ ಪ್ರಶ್ನೆಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಆ ಬಾಕಿಗೇ ಸಂಬಂಧಿಸಿವೆ.

ಹಳಿ ಇದ್ದೇ ಇದೆಯಲ್ಲ, ಅಷ್ಟು ಹಣ ಯಾವುದಕ್ಕೆ ಬೇಕು?

ಹೆಚ್ಚಾಗಿ ಸ್ಲೀಪರ್‌ಗಳಿಗೆ, ಅಂದರೆ ಹಳಿಯ ಕೆಳಗೆ ಅಡ್ಡಲಾಗಿ ಹಾಕುವ ದಿಮ್ಮಿಗಳಿಗೆ. ಇಲ್ಲಿನ ಸಣ್ಣ ಮಾರ್ಗಗಳಲ್ಲಿ ಈಗಲೂ ಕ್ರಿಯೋಸೋಟ್ ಎಣ್ಣೆ ಕುಡಿಸಿದ ಮರದ ಸ್ಲೀಪರ್‌ಗಳೇ ಇವೆ. ಒಂದು ಮೈಲಿಗೆ ಮೂರು ಸಾವಿರಕ್ಕೂ ಹೆಚ್ಚು ಬೇಕು. ನಮ್ಮೂರಿನ ಲೆವೆಲ್ ಕ್ರಾಸಿಂಗಿನ ಬಳಿ ಒಮ್ಮೆ ಗ್ಯಾಂಗಿನ ಮೇಸ್ತ್ರಿಯೊಬ್ಬರು ಕೆಲಸ ಮಾಡುವುದನ್ನು ನೋಡುತ್ತ ನಿಂತಿದ್ದೆ. ಅವರು ಉದ್ದನೆಯ ಸ್ಕ್ರೂಡ್ರೈವರನ್ನು ಹಳಿಯ ಪಕ್ಕದ ಮರಕ್ಕೆ ಒತ್ತಿದರು. ಮೇಲಿನಿಂದ ಗಟ್ಟಿಯಾಗಿ ಕಾಣುತ್ತಿದ್ದ ಆ ದಿಮ್ಮಿಯೊಳಗೆ ಅದು ಹಿಡಿಯವರೆಗೂ ಇಳಿಯಿತು. ಎಳೆದಾಗ ಅದರ ತುದಿಗೆ ನೆನೆಸಿದ ರಸ್ಕಿನಂಥ ಕಂದು ಪುಡಿ ಅಂಟಿಕೊಂಡಿತ್ತು. ಅವರು ನೀಲಿ ಬಣ್ಣದ ಡಬ್ಬಿಯಿಂದ ಒಂದು ಗೆರೆ ಸಿಂಪಡಿಸಿ ಮುಂದಿನದಕ್ಕೆ ಹೋದರು.

ರೈಲು ಸುರಕ್ಷತೆಯ ಉಸ್ತುವಾರಿ ನೋಡುವ ಒಕ್ಕೂಟ ರೈಲು ಆಡಳಿತದ ನಿಯಮದ ಪ್ರಕಾರ, 39 ಅಡಿ ಉದ್ದದ ನೇರ ಹಳಿಯ ಕೆಳಗೆ ಕನಿಷ್ಠ 5 ಸ್ಲೀಪರ್‌ಗಳು ಗಟ್ಟಿಯಾಗಿದ್ದರೆ, ಹಳಿಯ ಮಿಕ್ಕ ಅಳತೆಗಳು ಸರಿಯಿದ್ದಲ್ಲಿ, ಗಂಟೆಗೆ 10 ಮೈಲಿ ವೇಗದಲ್ಲಿ ಗೂಡ್ಸ್ ಓಡಿಸಬಹುದು. 8 ಗಟ್ಟಿಯಾಗಿದ್ದರೆ 25 ಮೈಲಿ. ಅಷ್ಟು ಉದ್ದದಲ್ಲಿ ಇರುವ ಸ್ಲೀಪರ್‌ಗಳು ಹೆಚ್ಚುಕಡಿಮೆ 24. ಇಪ್ಪತ್ನಾಲ್ಕರಲ್ಲಿ ಐದು ಗಟ್ಟಿಯಿದ್ದರೂ ಕಾನೂನು ಒಪ್ಪುತ್ತದೆ ಎಂದು ಗೊತ್ತಾದ ಮೇಲೆ, ಆ ರೈಲು ಏಕೆ ಅಷ್ಟು ನಿಧಾನ ಎಂದು ನಾನು ಕೇಳುವುದನ್ನು ಬಿಟ್ಟೆ.

ವ್ಯಾಗನ್‌ಗಳ ತೂಕ ಹೆಚ್ಚಾಯಿತು ಅಂತಾರಲ್ಲ, ಅದಕ್ಕೂ ಇದಕ್ಕೂ ಏನು ಸಂಬಂಧ?

ಹಿಂದೆ ಸರಕು ಸಮೇತ ವ್ಯಾಗನ್ನಿನ ಮಿತಿ 2,63,000 ಪೌಂಡ್ ಇತ್ತು, ಅಂದರೆ ಸುಮಾರು 119 ಟನ್. 1990ರ ದಶಕದಲ್ಲಿ ದೊಡ್ಡ ಕಂಪನಿಗಳು 2,86,000 ಪೌಂಡಿಗೆ, ಅಂದರೆ ಸುಮಾರು 130 ಟನ್ನಿಗೆ ಹೋದವು. ಅವುಗಳ ಗಟ್ಟಿ ಹಳಿಗೆ ಅದು ಭಾರವಾಗಲಿಲ್ಲ. ವ್ಯಾಗನ್ ಮಾತ್ರ ದೊಡ್ಡ ಮಾರ್ಗದಲ್ಲೇ ಹುಟ್ಟಿ ಅಲ್ಲೇ ಮುಗಿಯುವುದಿಲ್ಲ, ಕವಲು ಮಾರ್ಗದ ಗೋದಾಮಿನಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿನ ತೆಳು ಹಳಿ, ನೂರು ವರ್ಷ ಹಿಂದಿನ ಮರದ ಸೇತುವೆ ಆ ತೂಕವನ್ನು ಲೆಕ್ಕಕ್ಕಿಟ್ಟು ಕಟ್ಟಿದವಲ್ಲ. ಶಾರ್ಟ್ ಲೈನ್ ತನ್ನ ಮಾರ್ಗವನ್ನು ಬಲಪಡಿಸದಿದ್ದರೆ ವ್ಯಾಗನ್ನನ್ನು ಅರೆಬರೆ ತುಂಬಿ ಕಳುಹಿಸಬೇಕಾಗುತ್ತದೆ. ಆಗ ಪ್ರತಿ ಟನ್ನಿನ ಬಾಡಿಗೆ ಏರಿ, ರೈತ ಲಾರಿಯ ಕಡೆ ತಿರುಗುತ್ತಾನೆ. ತಾನು ಮಾಡದ ತೀರ್ಮಾನಕ್ಕೆ ತಾನು ಖರ್ಚು ಕೊಡಬೇಕಾದ ಇಕ್ಕಟ್ಟು ಇದು. ಸರ್ಕಾರದ ಅನುದಾನಕ್ಕೆ ಬರುವ ಅರ್ಜಿಗಳಲ್ಲಿ 2,86,000 ಎಂಬ ಈ ಸಂಖ್ಯೆ ಮತ್ತೆ ಮತ್ತೆ ಕಾಣಿಸುತ್ತದೆ.

ನಿಧಾನವಾಗಿ ಹೋದರೆ ನಷ್ಟವೇನು? ಧಾನ್ಯಕ್ಕೇನು ಅವಸರ?

ಧಾನ್ಯಕ್ಕೆ ಅವಸರವಿಲ್ಲ, ಚಾಲಕನಿಗಿದೆ. ರೈಲು ಸಿಬ್ಬಂದಿ ಒಂದು ಪಾಳಿಯಲ್ಲಿ 12 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. 60 ಮೈಲಿ ಮಾರ್ಗದಲ್ಲಿ 10 ಮೈಲಿ ವೇಗದಲ್ಲಿ ಹೋಗಲು 6 ಗಂಟೆ, ಬರಲು 6 ಗಂಟೆ. ನಡುವೆ ವ್ಯಾಗನ್ ಜೋಡಿಸಲು, ಬಿಡಿಸಲು ಒಂದು ನಿಮಿಷವೂ ಉಳಿಯುವುದಿಲ್ಲ. ಅದಕ್ಕಾಗಿ ಎರಡನೆಯ ತಂಡ ಬೇಕು, ಅವರನ್ನು ಕರೆತರಲು ವ್ಯಾನ್ ಬೇಕು. ಅದೇ ಮಾರ್ಗ 25 ಮೈಲಿಗೆ ಏರಿದರೆ ಒಂದೇ ತಂಡ ಕೆಲಸ ಮುಗಿಸಿ ರಾತ್ರಿ ಮನೆಯಲ್ಲಿ ಊಟ ಮಾಡುತ್ತದೆ.

ಖಾಸಗಿ ಕಂಪನಿಯ ಹಳಿಗೆ ತೆರಿಗೆದಾರರ ದುಡ್ಡು ಯಾಕೆ?

ಪ್ರಾಮಾಣಿಕವಾದ ಪ್ರಶ್ನೆ. ಇದಕ್ಕೆ ಕೊಡುವ ಉತ್ತರಗಳಲ್ಲಿ ಗಟ್ಟಿಯಾದದ್ದು ರಸ್ತೆಯ ಲೆಕ್ಕ. ಒಂದು ವ್ಯಾಗನ್ ಮೂರು ನಾಲ್ಕು ಲಾರಿಗಳ ಸರಕನ್ನು ಹೊರುತ್ತದೆ. ಮಾರ್ಗ ಮುಚ್ಚಿದ ಮರುದಿನ ಆ ಲಾರಿಗಳು ಕೌಂಟಿಯ ಡಾಂಬರು ರಸ್ತೆಗೆ ಇಳಿಯುತ್ತವೆ ಮತ್ತು ಅದನ್ನು ದುರಸ್ತಿ ಮಾಡುವುದು ಅದೇ ತೆರಿಗೆದಾರರು. ಲಾರಿ ತನ್ನ ರಸ್ತೆಯ ಖರ್ಚನ್ನು ತಾನೇ ಕೊಡುತ್ತದೆಂಬ ನಂಬಿಕೆಯೂ ನಿಲ್ಲುವುದಿಲ್ಲ. ಡೀಸೆಲ್ ಮೇಲಿನ ಒಕ್ಕೂಟ ತೆರಿಗೆ 1993ರಿಂದ ಗ್ಯಾಲನ್ನಿಗೆ 24.4 ಸೆಂಟಿನಲ್ಲೇ ನಿಂತಿದೆ. ಆ ತೆರಿಗೆಯಿಂದ ತುಂಬಬೇಕಾದ ಹೆದ್ದಾರಿ ನಿಧಿಗೆ 2008ರಿಂದ ಸಾಮಾನ್ಯ ಬೊಕ್ಕಸದಿಂದ ಹಣ ಸುರಿಯಲಾಗುತ್ತಿದೆ. ಹೀಗಿರುವಾಗ ಒಂದು ಕಡೆ ಸರ್ಕಾರ ಕಟ್ಟಿಕೊಟ್ಟ ದಾರಿಯಲ್ಲಿ ಓಡುವವರು, ಇನ್ನೊಂದು ಕಡೆ ಸ್ವಂತ ನೆಲಕ್ಕೆ ಆಸ್ತಿ ತೆರಿಗೆ ಕಟ್ಟಿ ಸ್ವಂತ ದಾರಿ ಕಾಯುವವರು ಸ್ಪರ್ಧಿಸುತ್ತಿದ್ದಾರೆ.

ಇದಕ್ಕೆ ಪ್ರತಿವಾದವೂ ಇದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಲಾರಿಗೆ ಸಿಗುವ ರಿಯಾಯಿತಿ ತಪ್ಪಾಗಿದ್ದರೆ ಅದನ್ನು ಸರಿಪಡಿಸಬೇಕು, ರೈಲಿಗೂ ರಿಯಾಯಿತಿ ಕೊಟ್ಟು ತಪ್ಪನ್ನು ಸಮ ಮಾಡಬಾರದು ಎಂದು ಅರ್ಥಶಾಸ್ತ್ರ ಓದಿದ ಗೆಳೆಯರು ಹೇಳುತ್ತಾರೆ. ತರ್ಕ ಸರಿ. ಆದರೆ ಡೀಸೆಲ್ ತೆರಿಗೆ ಏರಿಸುವ ಧೈರ್ಯ ಮೂವತ್ತು ವರ್ಷಗಳಿಂದ ಯಾವ ಪಕ್ಷಕ್ಕೂ ಬಂದಿಲ್ಲ, ಅಷ್ಟರಲ್ಲಿ ಸ್ಲೀಪರ್ ಕೊಳೆಯುವುದು ನಿಲ್ಲುವುದಿಲ್ಲ.

## ಹಣ ಬರುವ ದಾರಿಗಳು

45ಜಿ ಅಂತ ಒಂದು ತೆರಿಗೆ ರಿಯಾಯಿತಿ ಇದೆಯಂತೆ, ಅದರ ಲೆಕ್ಕ ಹೇಗೆ?

ತೆರಿಗೆ ಸಂಹಿತೆಯ 45ಜಿ ಕಲಮು 2004ರ ಕಾಯ್ದೆಯಲ್ಲಿ ಸೇರಿ 2005ರಿಂದ ಜಾರಿಗೆ ಬಂತು. ಶಾರ್ಟ್ ಲೈನ್ ಹಳಿ ದುರಸ್ತಿಗೆ ಮಾಡಿದ ಖರ್ಚಿನ ಒಂದು ಪಾಲನ್ನು ಕಟ್ಟಬೇಕಾದ ತೆರಿಗೆಯಲ್ಲೇ ಕಳೆದುಕೊಳ್ಳಬಹುದು. ಆದಾಯದಿಂದ ಕಳೆಯುವ ವಿನಾಯಿತಿಯಂತಲ್ಲ ಇದು, ತೆರಿಗೆಯಿಂದಲೇ ನೇರವಾಗಿ ಕಳೆಯುವ ಕ್ರೆಡಿಟ್. ಆರಂಭದಲ್ಲಿ ಖರ್ಚಿನ ಅರ್ಧ ಭಾಗ ಸಿಗುತ್ತಿತ್ತು, 2023ರಿಂದ ಶೇ. 40 ಸಿಗುತ್ತದೆ. ಮೇಲ್ಮಿತಿಯೂ ಇದೆ: ಒಂದು ಮೈಲಿಗೆ 3,500 ಡಾಲರ್.

40 ಮೈಲಿ ಉದ್ದದ ಒಂದು ಮಾರ್ಗವನ್ನು ಊಹಿಸಿಕೊಳ್ಳಿ. ಅದಕ್ಕೆ ವರ್ಷಕ್ಕೆ ಸಿಗಬಹುದಾದ ಗರಿಷ್ಠ ಕ್ರೆಡಿಟ್ 1,40,000 ಡಾಲರ್. ಅದನ್ನು ಪೂರ್ತಿ ಪಡೆಯಬೇಕಾದರೆ ಕಂಪನಿ ಆ ವರ್ಷ 3,50,000 ಡಾಲರ್ ಖರ್ಚು ಮಾಡಿರಬೇಕು. ಎರಡು ಲಕ್ಷ ಮಾತ್ರ ಖರ್ಚಾಗಿದ್ದರೆ ಸಿಗುವುದು 80,000. ಐದು ಲಕ್ಷ ಖರ್ಚು ಮಾಡಿದರೂ 1,40,000 ದಾಟುವುದಿಲ್ಲ. ಈ ವ್ಯವಸ್ಥೆಯ ದೊಡ್ಡ ಗುಣವೆಂದರೆ ಮೊದಲು ಕಂಪನಿಯೇ ಜೇಬಿನಿಂದ ಖರ್ಚು ಮಾಡಬೇಕು, ಕೆಲಸವಾಗದೆ ಹಣ ಹೊರಡುವುದಿಲ್ಲ. ಯಾವ ಮಾರ್ಗಕ್ಕೆ ಕೊಡಬೇಕೆಂದು ವಾಷಿಂಗ್ಟನ್ನಿನಲ್ಲಿ ಯಾರೂ ಆರಿಸಬೇಕಾಗಿಲ್ಲ, ಶಿಫಾರಸು ಹಿಡಿದು ಅಲೆಯಬೇಕಾಗಿಲ್ಲ. ದೊಡ್ಡ ದೋಷವೂ ಅಲ್ಲೇ ಇದೆ: ಊರಿಗೆ ಬೇಕೇಬೇಕಾದ ಮಾರ್ಗಕ್ಕೂ, ಹೇಗಿದ್ದರೂ ದುರಸ್ತಿಯಾಗುತ್ತಿದ್ದ ಮಾರ್ಗಕ್ಕೂ ಮೈಲಿ ಲೆಕ್ಕದಲ್ಲಿ ಒಂದೇ ಅಳತೆ. 3,500 ಎಂಬ ಅಂಕಿ 2004ರಲ್ಲಿ ಬರೆದದ್ದು, ಬೆಲೆಯೇರಿಕೆಗೆ ತಕ್ಕಂತೆ ಅದು ಏರುವುದಿಲ್ಲ. ಅದನ್ನು 6,100ಕ್ಕೆ ಏರಿಸಬೇಕೆಂಬ ಮಸೂದೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಮಂಡನೆಯಾಗಿದೆ.

ಲಾಭವೇ ಇಲ್ಲದ ಕಂಪನಿಗೆ ತೆರಿಗೆ ಕ್ರೆಡಿಟ್ ಸಿಕ್ಕಿ ಏನು ಪ್ರಯೋಜನ?

ಕಾಯ್ದೆ ಬರೆದವರಿಗೂ ಇದು ಹೊಳೆದಿತ್ತು. ಅದಕ್ಕೇ ಕಂಪನಿಯು ತನ್ನ ಮೈಲಿಗಳ ಮೇಲಿನ ಕ್ರೆಡಿಟ್ಟಿನ ಹಕ್ಕನ್ನು ಬೇರೆಯವರಿಗೆ ವಹಿಸಿಕೊಡಬಹುದು ಎಂಬ ಅವಕಾಶ ಇಟ್ಟರು. ಆದರೆ ಬೀದಿಯಲ್ಲಿ ಹೋಗುವವರಿಗೆಲ್ಲ ಕೊಡುವಂತಿಲ್ಲ. ಆ ಮಾರ್ಗದಲ್ಲಿ ಸರಕು ಸಾಗಿಸುವ ಗಿರಾಕಿ, ಅಥವಾ ರೈಲು ಕೆಲಸಕ್ಕೆ ಸಾಮಗ್ರಿ ಇಲ್ಲವೇ ಸೇವೆ ಒದಗಿಸುವವರು ಮಾತ್ರ ಅದನ್ನು ಪಡೆಯಬಹುದು. ಉದಾಹರಣೆಗೆ, ಲಾಭದಲ್ಲಿರುವ ಒಂದು ಸ್ಲೀಪರ್ ತಯಾರಕ ಸಂಸ್ಥೆಯು ಮಾರ್ಗದ ದುರಸ್ತಿಗೆ ಹಣ ಹಾಕಿ, ಕ್ರೆಡಿಟ್ಟನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳುತ್ತದೆ. ಕಂಪನಿಗೆ ಹಳಿ ಸರಿಯಾಗುತ್ತದೆ, ತಯಾರಕರಿಗೆ ವ್ಯಾಪಾರವೂ ತೆರಿಗೆ ಉಳಿತಾಯವೂ ಆಗುತ್ತದೆ. ನಡುವೆ ಲೆಕ್ಕಪರಿಶೋಧಕರು ಮತ್ತು ವಕೀಲರು ತಮ್ಮ ಪಾಲು ಪಡೆಯುತ್ತಾರೆ. ನೇರವಾಗಿ ಚೆಕ್ ಬರೆದಿದ್ದರೆ ಆ ಪಾಲು ಉಳಿಯುತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಆದರೆ ಚೆಕ್ಕಿಗೆ ಪ್ರತಿವರ್ಷ ಬಜೆಟ್ಟಿನಲ್ಲಿ ಮತ ಬೇಕು.

ಈ ಕ್ರೆಡಿಟ್ಟಿಗೂ ಬಹುಕಾಲ ನೆಮ್ಮದಿ ಇರಲಿಲ್ಲ. ಅವಧಿ ಮುಗಿಯುವುದು, ಒಂದೆರಡು ವರ್ಷ ಬಿಟ್ಟು ಹಿಂದಿನ ದಿನಾಂಕದಿಂದ ಮತ್ತೆ ಜಾರಿಯಾಗುವುದು ಹಲವು ಸಲ ನಡೆಯಿತು. ಸಿಗುತ್ತದೋ ಇಲ್ಲವೋ ತಿಳಿಯದೆ ಸ್ಲೀಪರ್‌ಗೆ ಆರ್ಡರ್ ಕೊಡುವುದು ಹೇಗೆ? 2020ರ ಡಿಸೆಂಬರ್‌ನಲ್ಲಿ ಅದನ್ನು ಶಾಶ್ವತಗೊಳಿಸಿದರು, ಪ್ರಮಾಣ ಶೇ. 50ರಿಂದ 40ಕ್ಕೆ ಇಳಿದದ್ದು ಅದಕ್ಕೆ ತೆತ್ತ ಬೆಲೆ.

ಕ್ರಿಸಿ ಅನುದಾನ ಅಂದರೇನು? ಯಾರು ಬೇಕಾದರೂ ಕೇಳಬಹುದೇ?

2015ರ ಡಿಸೆಂಬರ್‌ನ ಫಾಸ್ಟ್ ಕಾಯ್ದೆಯಲ್ಲಿ ಹುಟ್ಟಿದ, ರೈಲು ಮೂಲಸೌಕರ್ಯ ಹಾಗೂ ಸುರಕ್ಷತೆಯ ಸುಧಾರಣೆಗೆಂದು ಇರುವ ಒಕ್ಕೂಟ ಸರ್ಕಾರದ ಸ್ಪರ್ಧಾತ್ಮಕ ಅನುದಾನವನ್ನು ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಕ್ರಿಸಿ ಎನ್ನುತ್ತಾರೆ. ರಾಜ್ಯಗಳು, ಸ್ಥಳೀಯ ಆಡಳಿತಗಳು, ಪ್ರಯಾಣಿಕರ ರೈಲು ಓಡಿಸುವ ಆಮ್‌ಟ್ರ್ಯಾಕ್ ಮುಂತಾದವರ ಜೊತೆಗೆ ಎರಡನೆಯ ಮತ್ತು ಮೂರನೆಯ ದರ್ಜೆಯ ಕಂಪನಿಗಳೂ ನೇರವಾಗಿ ಅರ್ಜಿ ಹಾಕಬಹುದು. ಹೆಚ್ಚೆಂದರೆ ಯೋಜನೆಯ ಶೇ. 80ರಷ್ಟು ಸಿಗುತ್ತದೆ, ಆದರೆ ಸ್ವಂತ ಪಾಲು ಅರ್ಧ ಅಥವಾ ಅದಕ್ಕಿಂತ ಹೆಚ್ಚು ಹಾಕುವವರಿಗೆ ಆದ್ಯತೆ. ನಿಧಿಯ ಕಾಲುಭಾಗವಾದರೂ ಗ್ರಾಮೀಣ ಪ್ರದೇಶಕ್ಕೆ ಹೋಗಬೇಕು. 2021ರ ನವೆಂಬರ್‌ನ ಮೂಲಸೌಕರ್ಯ ಕಾಯ್ದೆಯು ವರ್ಷಕ್ಕೆ 100 ಕೋಟಿಯಂತೆ ಐದು ವರ್ಷಕ್ಕೆ 500 ಕೋಟಿ ಡಾಲರ್‌ಗಳನ್ನು ಇದಕ್ಕೆ ಮುಂಗಡವಾಗಿಯೇ ತೆಗೆದಿಟ್ಟಿತು. 2023ರ ಸೆಪ್ಟೆಂಬರ್‌ನಲ್ಲಿ 70 ಯೋಜನೆಗಳಿಗೆ 140 ಕೋಟಿಗೂ ಹೆಚ್ಚು, 2024ರ ಅಕ್ಟೋಬರ್‌ನಲ್ಲಿ 122 ಯೋಜನೆಗಳಿಗೆ 240 ಕೋಟಿಗೂ ಹೆಚ್ಚು ಘೋಷಣೆಯಾಯಿತು. ಅವುಗಳಲ್ಲಿ ಶಾರ್ಟ್ ಲೈನ್‌ಗಳ ಸ್ಲೀಪರ್, ಹಳಿ ಮತ್ತು ಸೇತುವೆಗಳ ಕೆಲಸಗಳು ಬಹಳಷ್ಟಿದ್ದವು. ಆ ಐದು ವರ್ಷದ ಅವಧಿಯ ಕೊನೆಯ ಹಣಕಾಸು ವರ್ಷ 2026.

ಅನುದಾನ ಘೋಷಣೆಯಾಗಿ ವರ್ಷವಾದರೂ ಕೆಲಸ ಶುರುವಾಗಿಲ್ಲ, ಎಲ್ಲಿ ಸಿಕ್ಕಿಹಾಕಿಕೊಂಡಿದೆ?

ಪತ್ರಿಕೆಯಲ್ಲಿ ಬರುವುದು ಆಯ್ಕೆಯ ಸುದ್ದಿ, ಹಣದ ಸುದ್ದಿಯಲ್ಲ. ಆಯ್ಕೆಯಾದ ಮೇಲೆ ಪರಿಸರ ಪರಿಶೀಲನೆ ಮುಗಿಯಬೇಕು, ಕಬ್ಬಿಣ ಮತ್ತು ಉಕ್ಕು ಅಮೆರಿಕದಲ್ಲೇ ತಯಾರಾದದ್ದೆಂಬ ಖಾತರಿ ಬೇಕು, ಕೊನೆಗೆ ಒಕ್ಕೂಟ ರೈಲು ಆಡಳಿತದೊಡನೆ ಒಪ್ಪಂದಕ್ಕೆ ಸಹಿ ಬೀಳಬೇಕು. ಇದಕ್ಕೆ ವರ್ಷ ಮೀರುವುದುಂಟು. ಒಪ್ಪಂದಕ್ಕೆ ಮೊದಲು ಮಾಡಿದ ಖರ್ಚು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಆಮೇಲೂ ಮೊದಲು ಖರ್ಚು ಮಾಡಿ, ರಸೀದಿ ತೋರಿಸಿ, ನಂತರ ವಾಪಸು ಪಡೆಯುವ ಪದ್ಧತಿ. ಇದರ ನಡುವೆ ಸ್ಲೀಪರಿನ ಬೆಲೆ ಏರುತ್ತದೆ, ಘೋಷಿಸಿದ ಮೊತ್ತ ಏರುವುದಿಲ್ಲ. ಹತ್ತು ಹನ್ನೆರಡು ಜನರಿರುವ ಕಂಪನಿಯಲ್ಲಿ ಅರ್ಜಿ ಬರೆಯುವವರು, ಎಂಜಿನ್ ಓಡಿಸುವವರು, ಫೋನ್ ಎತ್ತುವವರು ಹಲವು ಸಲ ಒಬ್ಬರೇ ಆಗಿರುತ್ತಾರೆ. ಲಾಭ ಮತ್ತು ವೆಚ್ಚದ ವಿಶ್ಲೇಷಣೆಗೆ ಅವರು ಸಲಹೆಗಾರರನ್ನು ನೇಮಿಸಬೇಕಾಗುತ್ತದೆ. ಹಾಗಾಗಿ ತೀರಾ ಸಣ್ಣವರು ಈ ಸಾಲಿನಲ್ಲಿ ನಿಲ್ಲುವುದೇ ಇಲ್ಲ.

ಕಡಿಮೆ ಬಡ್ಡಿಯ ಸರ್ಕಾರಿ ಸಾಲ ಇದ್ದರೂ ಯಾಕೆ ತೆಗೆದುಕೊಳ್ಳುವುದಿಲ್ಲ?

ರಿಫ್ ಎಂದು ಕರೆಯುವ ಈ ಸಾಲ ಯೋಜನೆ 1998ರದು. ಒಟ್ಟು 3,500 ಕೋಟಿ ಡಾಲರ್‌ವರೆಗೆ ಸಾಲ ಕೊಡುವ ಅಧಿಕಾರವಿದೆ, ಅದರಲ್ಲಿ 700 ಕೋಟಿ ಮೊದಲ ದರ್ಜೆಗೆ ಸೇರದ ಕಂಪನಿಗಳಿಗೆ ಮೀಸಲು. ಬಡ್ಡಿ ಸರ್ಕಾರ ತಾನು ಪಡೆಯುವ ಸಾಲದ ದರಕ್ಕೆ ಸಮ. ಕೇಳಲು ಚೆನ್ನಾಗಿದೆ. ತೊಡಕು ಎಲ್ಲಿದೆಯೆಂದರೆ, ಸಾಲ ಮುಳುಗಬಹುದಾದ ಅಪಾಯಕ್ಕೆ ಒಂದು ಮುಂಗಡ ಶುಲ್ಕವನ್ನು ಸಾಮಾನ್ಯವಾಗಿ ಸಾಲಗಾರನೇ ಕಟ್ಟಬೇಕು. ಕಂಪನಿ ಬಡವಾದಷ್ಟೂ ಆ ಶುಲ್ಕ ಹೆಚ್ಚು. ಅಡಮಾನ, ಪರಿಶೀಲನೆಗಳ ಖರ್ಚು ಬೇರೆ. ನಾಲ್ಕೈದು ದಶಲಕ್ಷ ಡಾಲರ್ ಸಾಲಕ್ಕೆ ಈ ಪಡಿಪಾಟಲು ಯಾರಿಗೆ ಬೇಕು, ಊರಿನ ಬ್ಯಾಂಕೇ ವಾಸಿ ಎನ್ನುತ್ತಾರೆ. ದೊಡ್ಡದಾಗಿ ಕೇಳಿದವರಿಗೂ ಸಿಗಲಿಲ್ಲ. ವಯೋಮಿಂಗಿನ ಕಲ್ಲಿದ್ದಲು ಪ್ರದೇಶಕ್ಕೆ ಮಾರ್ಗ ಹಾಕಲು ಡಕೋಟಾ, ಮಿನ್ನೆಸೋಟ ಅಂಡ್ ಈಸ್ಟರ್ನ್ ಎಂಬ ಎರಡನೆಯ ದರ್ಜೆಯ ಕಂಪನಿ 230 ಕೋಟಿ ಡಾಲರ್ ಕೇಳಿತ್ತು. 2007ರ ಫೆಬ್ರವರಿಯಲ್ಲಿ ಆ ಅರ್ಜಿ ತಿರಸ್ಕೃತವಾಯಿತು. ಈ ಯೋಜನೆಯಲ್ಲಿ ಬಹು ದೊಡ್ಡ ಸಾಲ ಪಡೆದವರಲ್ಲಿ ಒಬ್ಬರೆಂದರೆ ಪ್ರಯಾಣಿಕರ ರೈಲು ಓಡಿಸುವ ಆಮ್‌ಟ್ರ್ಯಾಕ್, 2016ರಲ್ಲಿ 245 ಕೋಟಿ.

ರಾಜ್ಯ ಸರ್ಕಾರಗಳು ಏನು ಮಾಡುತ್ತವೆ?

ನನ್ನ ಲೆಕ್ಕದಲ್ಲಿ ಈ ವಿಷಯದ ಜೀವಾಳ ಇರುವುದು ರಾಜ್ಯಗಳಲ್ಲೇ. ಪೆನ್ಸಿಲ್ವೇನಿಯಾ ತನ್ನ ಗೂಡ್ಸ್ ರೈಲು ನೆರವಿನಲ್ಲಿ ಯೋಜನೆಯ ಶೇ. 70ರವರೆಗೆ ಕೊಡುತ್ತದೆ. ಒರೆಗಾನ್ 2005ರಿಂದ ಲಾಟರಿ ಆದಾಯವನ್ನು ಆಧಾರವಾಗಿಟ್ಟ ಬಾಂಡ್‌ಗಳಿಂದ ಹಣ ಎತ್ತಿತು. ಅಯೋವಾ ಸಾಲ ಮತ್ತು ಅನುದಾನ ಎರಡನ್ನೂ ಒಂದೇ ಕಾರ್ಯಕ್ರಮದಲ್ಲಿ ಕೊಡುತ್ತದೆ.

ವಿಸ್ಕಾನ್ಸಿನ್ನಿನ ಕಥೆ ಸ್ವಲ್ಪ ಬಿಡಿಸಿ ಹೇಳುವಂಥದ್ದು. ಇಂಥ ಕಾಮಗಾರಿಗಳಿಗೆ ರಾಜ್ಯ ಕೈಹಾಕಬಾರದೆಂದು ಅದರ 1848ರ ಸಂವಿಧಾನವೇ ತಡೆದಿತ್ತು. 1992ರಲ್ಲಿ ಮತದಾರರು ಸಂವಿಧಾನಕ್ಕೆ ತಿದ್ದುಪಡಿ ಮಾಡಿ ರೈಲುಮಾರ್ಗಗಳಿಗೂ ಹಣ ಕೊಡಲು ಒಪ್ಪಿದರು. ಆ ಬಳಿಕ ರಾಜ್ಯವು ಮಾರ್ಗಗಳ ನೆಲವನ್ನು ಕೊಳ್ಳುವುದಕ್ಕೂ, ಹಳಿ ಪುನಶ್ಚೇತನಕ್ಕೂ ಶೇ. 80ರವರೆಗೆ ಕೊಡುತ್ತಿದೆ. ಮಿಕ್ಕ ಪಾಲು ಓಡಿಸುವ ಕಂಪನಿಯಿಂದಲೂ, ಹಲವು ಕೌಂಟಿಗಳು ಸೇರಿ ರಚಿಸಿಕೊಂಡ ರೈಲು ಆಯೋಗಗಳಿಂದಲೂ ಬರುತ್ತದೆ. ಕೌಂಟಿ ಮಂಡಳಿಯ ಸಭೆಯಲ್ಲಿ ಹಾಲಿನ ಡೇರಿಯವರು, ಜೋಳ ಬೆಳೆಯುವವರು ಕುಳಿತು ಸ್ಲೀಪರ್ ಲೆಕ್ಕಕ್ಕೆ ಕೈಯೆತ್ತುವುದು ನೋಡುವಂಥ ದೃಶ್ಯ.

## ಒಳಹೊಕ್ಕು ಕೇಳುವ ಪ್ರಶ್ನೆಗಳು

ಅನುದಾನ ಕೊಡುವ ಬದಲು ಸರ್ಕಾರವೇ ಮಾರ್ಗ ಕೊಂಡುಕೊಂಡರೆ ಆಗದೇ?

ಆಗುತ್ತದೆ, ಆಗಿದೆ. ವರ್ಮಾಂಟ್ ರಾಜ್ಯದಲ್ಲಿ ರಟ್‌ಲೆಂಡ್ ರೈಲ್ವೆ 1961ರ ಮುಷ್ಕರದ ಬಳಿಕ ಮೇಲೇಳಲಿಲ್ಲ. 1963ರಲ್ಲಿ ರಾಜ್ಯವೇ ಮಾರ್ಗದ ಮುಖ್ಯ ಭಾಗಗಳನ್ನು ಕೊಂಡು ಓಡಿಸುವವರಿಗೆ ಗುತ್ತಿಗೆ ಕೊಟ್ಟಿತು. 1964ರ ಜನವರಿಯಲ್ಲಿ ಆರಂಭವಾದ ವರ್ಮಾಂಟ್ ರೈಲ್ವೆ ಇಂದಿಗೂ ಓಡುತ್ತಿದೆ. ವಾಷಿಂಗ್ಟನ್ ರಾಜ್ಯ 2004ರಿಂದ 2007ರ ನಡುವೆ ಪೂರ್ವ ಭಾಗದ ಗೋಧಿ ಸೀಮೆಯ ಕವಲು ಮಾರ್ಗಗಳನ್ನು ಕೊಂಡಿತು. 297 ಮೈಲಿಯ ಆ ಜಾಲವನ್ನು ಖಾಸಗಿಯವರು ಗುತ್ತಿಗೆಯ ಮೇಲೆ ನಡೆಸುತ್ತಾರೆ. ಮೇನ್ ರಾಜ್ಯದ ಉತ್ತರ ಭಾಗದಲ್ಲಿ ಒಂದು ಕಂಪನಿ 2010ರಲ್ಲಿ ಮಾರ್ಗ ಕೈಬಿಡಲು ಹೊರಟಾಗ ರಾಜ್ಯ 233 ಮೈಲಿ ಕೊಂಡು ಬೇರೆ ನಿರ್ವಾಹಕರಿಗೆ ವಹಿಸಿತು.

ನನಗೆ ಒಪ್ಪಿಗೆಯಾಗುವ ಮಾದರಿ ಇದು. ಸ್ಲೀಪರ್ ಹಾಕಿದ್ದು ಸಾರ್ವಜನಿಕರ ದುಡ್ಡಾದರೆ ಅದು ಕುಳಿತಿರುವ ನೆಲವೂ ಸಾರ್ವಜನಿಕರದ್ದಾಗಿರಲಿ. ನಿರ್ವಾಹಕ ಸೋತರೆ ಇನ್ನೊಬ್ಬನನ್ನು ಕರೆಯಬಹುದು. ಇದರ ಕಷ್ಟವೆಂದರೆ ಸೇತುವೆ ಬಿದ್ದರೆ ಬಿಲ್ಲು ನೇರವಾಗಿ ರಾಜ್ಯಕ್ಕೇ ಬರುತ್ತದೆ, ಮತ್ತು ನಷ್ಟದ ಮಾರ್ಗವನ್ನು ಮುಚ್ಚಲು ಯಾವ ಶಾಸಕನಿಗೂ ಮನಸ್ಸು ಬರುವುದಿಲ್ಲ.

ಈ "ಸಣ್ಣ" ಕಂಪನಿಗಳು ನಿಜವಾಗಿಯೂ ಸಣ್ಣವೇ?

ಕೆಲವು ಮಾತ್ರ. ನ್ಯೂಯಾರ್ಕ್ ರಾಜ್ಯದ ರೆಟ್ಸಾಫ್‌ನಲ್ಲಿ ಒಂದೇ ಉಪ್ಪಿನ ಗಣಿಗಾಗಿ 14 ಮೈಲಿ ಹಳಿಯ ಮೇಲೆ 1899ರಲ್ಲಿ ಆರಂಭವಾದ ಜೆನಿಸೀ ಅಂಡ್ ವಯೋಮಿಂಗ್, ಇಂದು ನೂರಕ್ಕೂ ಹೆಚ್ಚು ಶಾರ್ಟ್ ಲೈನ್‌ಗಳ ಒಡೆಯ. 2019ರಲ್ಲಿ ಕೆನಡಾದ ಬ್ರೂಕ್‌ಫೀಲ್ಡ್ ಮತ್ತು ಸಿಂಗಪುರ ಸರ್ಕಾರದ ಹೂಡಿಕೆ ಸಂಸ್ಥೆ ಜಿಐಸಿ ಸೇರಿ ಅದನ್ನು ಸಾಲವೂ ಸೇರಿದಂತೆ ಸುಮಾರು 840 ಕೋಟಿ ಡಾಲರಿಗೆ ಕೊಂಡವು. ವಾಟ್‌ಕೊ, ಆಮ್ನಿಟ್ರಾಕ್ಸ್ ಮುಂತಾದ ಇತರ ಸಮೂಹಗಳ ಕೈಯಲ್ಲೂ ಹಲವು ಹತ್ತು ಮಾರ್ಗಗಳಿವೆ. ಆದರೆ ದರ್ಜೆ ನಿರ್ಧಾರವಾಗುವುದು ಒಂದೊಂದು ರೈಲು ಕಂಪನಿಯ ವರಮಾನದ ಮೇಲೆ, ಅದರ ಒಡೆಯನ ವರಮಾನದ ಮೇಲಲ್ಲ. ಆದ್ದರಿಂದ ಸಮೂಹದ ಕೂಸುಗಳೂ ಸಣ್ಣವರ ಸಾಲಿನಲ್ಲೇ ನಿಂತು ನೆರವು ಪಡೆಯುತ್ತವೆ.

ಸಮೂಹಗಳ ಪರ ವಾದಿಸುವವರು, ಮಾರ್ಗದ ಅರ್ಥಶಾಸ್ತ್ರ ಒಡೆಯ ಯಾರೆಂಬುದರಿಂದ ಬದಲಾಗುವುದಿಲ್ಲ, ವರ್ಷಕ್ಕೆ ಕೆಲವೇ ನೂರು ವ್ಯಾಗನ್ ಬರುವ ಮಾರ್ಗಕ್ಕೆ ಯಾವ ಧನಿಕನೂ ಸ್ವಂತ ದುಡ್ಡು ಸುರಿಯುವುದಿಲ್ಲ ಎನ್ನುತ್ತಾರೆ. ಮಾತು ನಿಜವೇ. ಆದರೂ ಹೂಡಿಕೆ ಸಂಸ್ಥೆಗಳು ಲಾಭಕ್ಕಾಗಿ ಕೊಂಡ ಆಸ್ತಿಗೆ ಶೇ. 80ರಷ್ಟು ನೆರವು ಕೊಡುವಾಗ, ಆ ಆಸ್ತಿಯನ್ನು ಮುಂದೆ ಹೆಚ್ಚಿನ ಬೆಲೆಗೆ ಮಾರಿದರೆ ನಮ್ಮ ಪಾಲೆಷ್ಟು ಎಂದು ಕೇಳುವ ಷರತ್ತು ಇರಬೇಕಿತ್ತು.

ದುಡ್ಡು ತಗೊಂಡು ಆಮೇಲೆ ಮಾರ್ಗವನ್ನೇ ಮುಚ್ಚಿಬಿಟ್ಟರೆ?

ಮನಸ್ಸಿಗೆ ಬಂದಂತೆ ಮುಚ್ಚುವಂತಿಲ್ಲ. ಮಾರ್ಗ ಕೈಬಿಡಲು ಭೂಸಾರಿಗೆ ಮಂಡಳಿಯ ಅನುಮತಿ ಬೇಕು. ಆ ಹಂತದಲ್ಲಿ ಗಿರಾಕಿಗಳಾಗಲಿ, ಊರಿನವರಾಗಲಿ ಹಣ ಮುಂದಿಟ್ಟು ಮಾರ್ಗ ಉಳಿಸಿಕೊಳ್ಳಲು ಅವಕಾಶವಿದೆ. ಕೈಬಿಟ್ಟ ಮೇಲೂ ನೆಲವನ್ನು ಚೂರು ಮಾಡದೆ, ಮುಂದೊಮ್ಮೆ ಹಳಿ ಬರಬಹುದೆಂಬ ಷರತ್ತಿನ ಮೇಲೆ ಕಾಲುದಾರಿಯಾಗಿ ಇಟ್ಟುಕೊಳ್ಳುವ ಕಾನೂನು 1983ರಿಂದ ಇದೆ. ರಾಜ್ಯಗಳ ಅನುದಾನದಲ್ಲಿ ಇಂತಿಷ್ಟು ವರ್ಷ ಸೇವೆ ನಡೆಸಬೇಕು, ಇಲ್ಲವೇ ಹಣ ಹಿಂದಿರುಗಿಸಬೇಕು ಎಂಬ ಕರಾರು ಸಾಮಾನ್ಯ. 45ಜಿ ಕ್ರೆಡಿಟ್ಟಿಗೆ ಮಾತ್ರ ಮುಂದೆ ಇಷ್ಟು ವರ್ಷ ರೈಲು ಓಡಿಸಬೇಕೆಂಬ ಕಟ್ಟುಪಾಡಿಲ್ಲ. ಅದು ಆಗಲೇ ಮಾಡಿದ ಕೆಲಸಕ್ಕೆ ಸಿಗುವ ಹಣ.

ಲಾಕ್ ಮೆಗಾಂಟಿಕ್ ದುರಂತ ಇಂಥ ಸಣ್ಣ ಕಂಪನಿಯಿಂದಲೇ ಆಗಿದ್ದಲ್ಲವೇ? ಹಳೇ ಹಳಿ ಕಾರಣವೇ?

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಆ ಊರಿನಲ್ಲಿ 2013ರ ಜುಲೈ 6ರಂದು ಕಚ್ಚಾ ತೈಲದ ರೈಲು ಉರುಳಿ 47 ಜನ ಸತ್ತರು. ರೈಲು ಒಂದು ಶಾರ್ಟ್ ಲೈನಿನದೇ. ಆದರೆ ಹಳಿ ಮುರಿದು ಆದದ್ದಲ್ಲ. ಇಳಿಜಾರಿನಲ್ಲಿ ನಿಲ್ಲಿಸಿದ್ದ ರೈಲಿಗೆ ಸಾಕಷ್ಟು ಕೈಬ್ರೇಕ್ ಹಾಕಿರಲಿಲ್ಲ. ಎಂಜಿನ್ನಿನಲ್ಲಿ ಬೆಂಕಿ ಕಾಣಿಸಿಕೊಂಡು ಅದನ್ನು ನಿಲ್ಲಿಸಿದ ಮೇಲೆ ಗಾಳಿಯ ಬ್ರೇಕ್ ಸಡಿಲವಾಯಿತು, ರೈಲು ತಾನಾಗಿ ಊರಿಗೆ ಇಳಿಯಿತು. ಕಂಪನಿಯ ಸುರಕ್ಷತಾ ಸಂಸ್ಕೃತಿಯೇ ದುರ್ಬಲವಾಗಿತ್ತೆಂದು ತನಿಖೆ ಹೇಳಿತು. ಅದಾದ ನಂತರ ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ಹಣದಿಂದ ಶಾರ್ಟ್ ಲೈನ್ ಸುರಕ್ಷತಾ ಸಂಸ್ಥೆ ಆರಂಭವಾಯಿತು. ಅದು ಕಂಪನಿಗಳಿಗೆ ಹೋಗಿ ನೌಕರರೊಡನೆ ಮಾತಾಡಿ ರೂಢಿಗಳನ್ನು ಪರಿಶೀಲಿಸುತ್ತದೆ. ಸಾರ್ವಜನಿಕ ಹಣ ಹಳಿಗೆ ಮಾತ್ರ ಹೋಗುತ್ತದೆಂದುಕೊಂಡವರು ಇದನ್ನು ಗಮನಿಸಬೇಕು.

ನಮ್ಮ ಕರ್ನಾಟಕದಲ್ಲಿ ಇಂಥದ್ದೇನಾದರೂ ಇದೆಯೇ?

ಶಾರ್ಟ್ ಲೈನ್ ಇಲ್ಲ, ಏಕೆಂದರೆ ನಮ್ಮಲ್ಲಿ ಕವಲು ಮಾರ್ಗವೂ ಭಾರತೀಯ ರೈಲ್ವೆಯದೇ. ಕಾರ್ಖಾನೆಯ ಸೈಡಿಂಗ್ ಮಾತ್ರ ಖಾಸಗಿಯಾಗಿರಬಹುದು. ಆದರೆ ಸರಕಿಗಾಗಿ ಹಲವರು ಕೈಜೋಡಿಸಿ ಒಂದೇ ಮಾರ್ಗಕ್ಕೆ ಹಣ ಹಾಕಿದ ಉದಾಹರಣೆ ಇದೆ. ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗವನ್ನು ಬ್ರಾಡ್ ಗೇಜ್ ಮಾಡಲು ರೈಲ್ವೆ ಸಚಿವಾಲಯ, ಕರ್ನಾಟಕ ಸರ್ಕಾರ ಮತ್ತು ಇತರ ಪಾಲುದಾರರು ಸೇರಿ ಹಾಸನ ಮಂಗಳೂರು ರೈಲು ಅಭಿವೃದ್ಧಿ ಕಂಪನಿಯನ್ನು ಕಟ್ಟಿದರು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ, ಐವತ್ತು ಅಡಿಗೆ ಒಂದಡಿ ಇಳಿಜಾರಿನ ಘಾಟಿಯಲ್ಲಿ 2006ರಲ್ಲಿ ಗೂಡ್ಸ್ ಮತ್ತೆ ಓಡತೊಡಗಿತು. ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು ನವ ಮಂಗಳೂರು ಬಂದರಿಗೆ ಹೋಗುವುದು ಅದರ ಆದಾಯದ ದೊಡ್ಡ ನಿರೀಕ್ಷೆಯಾಗಿತ್ತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತಿಗೆ ತಡೆ ಹಾಕಿತು, ಮರುವರ್ಷ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನೇ ನಿಲ್ಲಿಸಿತು. ರಫ್ತಿಗೆ ಮತ್ತೆ ಅನುಮತಿ ಸಿಕ್ಕಿದ್ದು 2022ರ ಮೇ ತಿಂಗಳಿನಲ್ಲಿ.

ಒಂದೇ ಸರಕನ್ನು, ಒಬ್ಬನೇ ಗಿರಾಕಿಯನ್ನು ನೆಚ್ಚಿಕೊಂಡ ಮಾರ್ಗದ ಕಷ್ಟ ಅಮೆರಿಕದ ಶಾರ್ಟ್ ಲೈನ್‌ಗಳಿಗೆ ದಿನನಿತ್ಯದ್ದು. ಹಾಗಾಗಿಯೇ ಅಲ್ಲಿ ಅನುದಾನದ ಅರ್ಜಿ ನೋಡುವ ರಾಜ್ಯದ ಅಧಿಕಾರಿ ಹಳಿಯ ಸ್ಥಿತಿಯ ಜೊತೆಗೆ ಗಿರಾಕಿಗಳ ಪಟ್ಟಿಯನ್ನೂ ಕೇಳುತ್ತಾನೆ, ಅವರಲ್ಲಿ ಎಷ್ಟು ಜನ ಮುಂದೆ ಇಷ್ಟು ವ್ಯಾಗನ್ ಕಳುಹಿಸುತ್ತೇವೆಂದು ಬರೆದುಕೊಟ್ಟಿದ್ದಾರೆಂದು ಎಣಿಸುತ್ತಾನೆ.